ಲೋಹ ಕೊರೆದ ಗುಳ್ಳೆ, ಬ್ಯಾಕ್ಟೀರಿಯ ಕೊಂದ ಗುಳ್ಳೆ

ಬೇಸಿಗೆಯಲ್ಲಿ ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರಾ ದಂಡೆಯಲ್ಲಿ ನಡೆದಾಡಿದವರು ಈ ಸದ್ದನ್ನು ಕೇಳಿರಬಹುದು. ನದಿಯ ನೀರು ಕೆಳಗಿಳಿದಿರುತ್ತದೆ. ದಂಡೆಯ ಮೇಲಿನ ಪಂಪು ಮಾತ್ರ ಹಳೆಯ ಜಾಗದಲ್ಲೇ ಇರುತ್ತದೆ. ಹೀರುಕೊಳವೆಯನ್ನು ಉದ್ದ ಮಾಡಲಾಗಿರುತ್ತದೆ. ಪಂಪು ಚಾಲೂ ಆದೊಡನೆ ಡಬ್ಬಿಯಲ್ಲಿ ಹರಳುಕಲ್ಲು ಹಾಕಿ ಅಲ್ಲಾಡಿಸಿದಂತೆ ಗಲಗಲ ಸದ್ದು ಬರುತ್ತದೆ. 'ಪಂಪಿನಾಗ ಹರಳು ಹೊಕ್ಕಾವ ನೋಡ್ರಿ' ಎಂದು ಬಿಚ್ಚಿ ನೋಡಿದರೆ ಹರಳೂ ಇಲ್ಲ, ಮರಳೂ ಇಲ್ಲ. ಆದರೆ ಇಂಪೆಲ್ಲರ್ ಎಂಬ ತಿರುಗುಚಕ್ರದ ಅಲಗುಗಳ ಮೇಲೆ ಗೆದ್ದಲು ತಿಂದ ಹಲಗೆಯಲ್ಲಿರುವಂತೆ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ.

ಈ ಕುಳಿಗಳನ್ನು ತೋಡಿದ್ದು ಕಲ್ಲಲ್ಲ, ತುಕ್ಕೂ ಅಲ್ಲ, ನೀರಿನ ಗುಳ್ಳೆ. ಎರಕದ ಲೋಹವನ್ನೇ ಕೊರೆಯಬಲ್ಲ ಗುಳ್ಳೆ, ಲೋಹದ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯವನ್ನು ಬಿಟ್ಟೀತೆ? ನೂರು ವರ್ಷಗಳಿಂದ ವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಆ ಚರಿತ್ರೆಯನ್ನು ರಾಣೆಬೆನ್ನೂರಿನ ಪಂಪಿನಿಂದ ಹೊರಟು, ಹಾವೇರಿಯ ಆಸ್ಪತ್ರೆಗಳನ್ನು ಹಾದು, ಬ್ಯಾಡಗಿಯ ಮೆಣಸಿನಕಾಯಿ ರಾಶಿಯವರೆಗೆ ನೋಡೋಣ ಬನ್ನಿ.

ಕಾಯಿಸದೆ ಕುದಿಯುವ ನೀರು

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅದು ಸಮುದ್ರಮಟ್ಟದ ವಾಯು ಒತ್ತಡಕ್ಕೆ ಹೊಂದುವ ಮಾತು. ಒತ್ತಡ ಕಡಿಮೆಯಾದಂತೆ ಕುದಿಯುವ ಬಿಂದುವೂ ಕೆಳಗಿಳಿಯುತ್ತದೆ. ಒತ್ತಡವನ್ನು ಸಾಕಷ್ಟು ತಗ್ಗಿಸಿದರೆ 30 ಡಿಗ್ರಿಯ ನೀರೂ ಕುದಿಯುತ್ತದೆ, ಅಂದರೆ ಅದರೊಳಗೆ ಆವಿಯ ಗುಳ್ಳೆಗಳು ಏಳುತ್ತವೆ.

ಪಂಪು ನೀರನ್ನು ಎಳೆದುಕೊಳ್ಳುತ್ತದೆ ಎನ್ನುತ್ತೇವೆ. ನಿಜವಾಗಿ ಪಂಪು ತನ್ನ ಬಾಯಲ್ಲಿ ಒತ್ತಡ ತಗ್ಗಿಸುತ್ತದೆ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 10.3 ಮೀಟರ್ ಎತ್ತರದ ನೀರನ್ನು ಹೊರಬಲ್ಲದು. ರಾಣೆಬೆನ್ನೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಇದು 9.6 ಮೀಟರಿನಷ್ಟಾಗುತ್ತದೆ. 30 ಡಿಗ್ರಿ ನೀರಿನ ಆವಿಯ ಒತ್ತಡಕ್ಕಾಗಿ ಇನ್ನು ಅರ್ಧ ಮೀಟರಿನಷ್ಟು ಕಳೆಯಿರಿ. ಕೊಳವೆಯ ಘರ್ಷಣೆ, ಬಾಗುಗಳು, ಫುಟ್‌ವಾಲ್ವ್, ಪಂಪಿನ ಒಳಗಿನ ವೇಗ, ಇವಕ್ಕೆಲ್ಲ ಕಳೆದ ಮೇಲೆ ಉಳಿಯುವುದು ಆರೇಳು ಮೀಟರ್ ಮಾತ್ರ. ನದಿ ಅದಕ್ಕಿಂತ ಕೆಳಗಿಳಿದರೆ ಇಂಪೆಲ್ಲರಿನ ಬಾಯಲ್ಲಿ ನೀರು ತಣ್ಣಗಿದ್ದೇ ಕುದಿಯುತ್ತದೆ. ಹುಟ್ಟಿದ ಗುಳ್ಳೆಗಳು ಅಲಗಿನ ಅಂಚಿನ ಕಡೆ, ಒತ್ತಡ ಹೆಚ್ಚಿರುವಲ್ಲಿಗೆ ಸಾಗಿದಾಗ ಒಮ್ಮೆಲೇ ಕುಸಿಯುತ್ತವೆ. ನಿಮ್ಮ ಕಿವಿಗೆ ಬಿದ್ದ ಗಲಗಲ ಸದ್ದು ಈ ಕುಸಿತದ್ದು. ಗುಳ್ಳೆ ಹುಟ್ಟಿ ಕುಸಿಯುವ ಈ ಕ್ರಿಯೆಗೆ ಕ್ಯಾವಿಟೇಶನ್ ಎಂದು ಹೆಸರು. ಕನ್ನಡದಲ್ಲಿ ಕುಹರೀಕರಣ ಎನ್ನಬಹುದು.

ಓಡದ ಹಡಗು

ಕ್ಯಾವಿಟೇಶನ್ ಎಂಬ ಪದ ಬಂದದ್ದು ಹಡಗುಗಳಿಂದ. ಬ್ರಿಟಿಷ್ ನೌಕಾಪಡೆಯ 'ಡೇರಿಂಗ್' ಎಂಬ ಹಡಗಿನ ಪರೀಕ್ಷೆ ನಡೆಯಿತು. ಎಂಜಿನ್ ಶಕ್ತಿಯುತವಾಗಿದ್ದರೂ ಹಡಗು ನಿರೀಕ್ಷಿಸಿದ ವೇಗ ಮುಟ್ಟಲಿಲ್ಲ. ಪ್ರೊಪೆಲ್ಲರ್ ಅಲಗಿನ ಬೆನ್ನಿಗೆ ಒತ್ತಡ ಕುಸಿದು ಅಲ್ಲಿ ಟೊಳ್ಳುಗಳು ಉಂಟಾಗುತ್ತವೆ, ಪ್ರೊಪೆಲ್ಲರ್ ನೀರನ್ನು ಹಿಡಿಯುವುದೇ ಇಲ್ಲ ಎಂದು ಸಿಡ್ನಿ ಬಾರ್ನಬಿ ಮತ್ತು ಜಾನ್ ಥಾರ್ನಿಕ್ರಾಫ್ಟ್ ತೋರಿಸಿದರು. ಆರ್. ಇ. ಫ್ರೌಡ್ ಸೂಚಿಸಿದ ಕ್ಯಾವಿಟೇಶನ್ ಎಂಬ ಹೆಸರು ನಿಂತಿತು.

ಆವಿಯ ಟರ್ಬೈನನ್ನು ರೂಪಿಸಿದ ಚಾರ್ಲ್ಸ್ ಪಾರ್ಸನ್ಸ್‌ಗೂ ಇದೇ ತೊಡಕು ಎದುರಾಯಿತು. 1894ರಲ್ಲಿ ನೀರಿಗಿಳಿದ ಅವರ 'ಟರ್ಬಿನಿಯ' ಮೊದಮೊದಲು ನಿರಾಸೆ ತಂದಿತು. 1895ರಲ್ಲಿ ಅವರು ಗುಳ್ಳೆಗಳನ್ನು ಕಣ್ಣಾರೆ ನೋಡಲೆಂದೇ ಪುಟ್ಟದೊಂದು ನೀರಿನ ಸುರಂಗ ಕಟ್ಟಿದರು. ಪ್ರಪಂಚದ ಮೊದಲ ಕ್ಯಾವಿಟೇಶನ್ ಸುರಂಗ ಅದು. ಒಂದು ದಂಡದ ಬದಲು ಮೂರು ದಂಡಗಳಿಗೆ ಒಟ್ಟು ಒಂಬತ್ತು ಪ್ರೊಪೆಲ್ಲರ್ ಜೋಡಿಸಿ, ಭಾರವನ್ನು ಹಂಚಿ, 1897ರ ಹೊತ್ತಿಗೆ ಟರ್ಬಿನಿಯ 34 ನಾಟ್, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್ ವೇಗ ಮುಟ್ಟಿತು.

ಆದರೆ ಪ್ರೊಪೆಲ್ಲರುಗಳು ಸವೆಯುತ್ತಲೇ ಇದ್ದವು. ಗುಳ್ಳೆಗೆ ಲೋಹ ಕೊರೆಯುವ ಬಲ ಎಲ್ಲಿಂದ ಬರುತ್ತದೆ? ಉತ್ತರ ಕೊಟ್ಟವರು ಲಾರ್ಡ್ ರೇಲಿ. ನೀರಿನ ನಡುವೆ ಒಂದು ಗೋಳಾಕಾರದ ಟೊಳ್ಳು ಇದೆ ಎಂದುಕೊಳ್ಳಿ. ಸುತ್ತಲಿನ ನೀರು ಎಲ್ಲ ಕಡೆಯಿಂದ ಒಳಗೆ ನುಗ್ಗುತ್ತದೆ. ಟೊಳ್ಳು ಚಿಕ್ಕದಾದಷ್ಟೂ ನುಗ್ಗುವ ವೇಗ ಏರುತ್ತದೆ. ಹರಡಿಕೊಂಡಿದ್ದ ಶಕ್ತಿಯೆಲ್ಲ ಕೊನೆಗೆ ಒಂದು ಚುಕ್ಕೆಯಲ್ಲಿ ಸೇರುತ್ತದೆ. ರೇಲಿ 1917ರಲ್ಲಿ ಪ್ರಕಟಿಸಿದ ಸೂತ್ರದಂತೆ, ಒಂದು ಮಿಲಿಮೀಟರ್ ತ್ರಿಜ್ಯದ ಟೊಳ್ಳು ಸಾಮಾನ್ಯ ಒತ್ತಡದಲ್ಲಿ ಪೂರ್ತಿ ಕುಸಿಯಲು ಹಿಡಿಯುವ ಕಾಲ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತ ತುಸು ಕಡಿಮೆ. ನೀವು ಕಣ್ಣು ಮಿಟುಕಿಸುವುದರೊಳಗೆ ಅಂಥ ಸಾವಿರ ಕುಸಿತಗಳು ಒಂದರ ಹಿಂದೊಂದು ಮುಗಿದಿರುತ್ತವೆ.

ಸತ್ತ ಮೀನು, ಆರಿದ ಬೆಳಕು

ಅದೇ 1917ರಲ್ಲಿ ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ಪಾಲ್ ಲಾಂಜ್ವಾನ್ ಇನ್ನೊಂದು ಕೆಲಸದಲ್ಲಿದ್ದರು. ಮೊದಲ ಮಹಾಯುದ್ಧದ ಕಾಲ. ನೀರಿನಡಿಯ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ಅವರು ಸ್ಫಟಿಕದ ಹಲ್ಲೆಗಳಿಗೆ ವಿದ್ಯುತ್ ಕೊಟ್ಟು, ಮನುಷ್ಯರ ಕಿವಿಗೆ ಕೇಳದಷ್ಟು ಹೆಚ್ಚು ಆವೃತ್ತಿಯ ಧ್ವನಿ ಹೊರಡಿಸುತ್ತಿದ್ದರು. ಇದೇ ಶ್ರವಣಾತೀತ ಧ್ವನಿ. ಧ್ವನಿ ಹೊರಡುವ ಕಡೆ ಈಜಿದ ಸಣ್ಣ ಮೀನುಗಳು ಸತ್ತು ತೇಲಿದವು. ನೀರಿಗೆ ಕೈಯಿಟ್ಟರೆ ಮೂಳೆಯೊಳಗೆ ನೋವಾಗುತ್ತಿತ್ತು.

ಈ ಸುಳಿವನ್ನು ಹಿಡಿದು ಹೊರಟವರು ಅಮೆರಿಕದ ರಾಬರ್ಟ್ ವುಡ್ ಮತ್ತು ಆಲ್ಫ್ರೆಡ್ ಲೂಮಿಸ್. ನ್ಯೂಯಾರ್ಕ್ ಸಮೀಪದ ಟಕ್ಸಿಡೊ ಪಾರ್ಕಿನಲ್ಲಿದ್ದ ಲೂಮಿಸ್ ಅವರ ಖಾಸಗಿ ಪ್ರಯೋಗಾಲಯದಲ್ಲಿ ಪ್ರಯೋಗ ನಡೆಸಿ, ತೀವ್ರ ಶ್ರವಣಾತೀತ ಧ್ವನಿ ಜೀವಕೋಶಗಳನ್ನು ಒಡೆಯುತ್ತದೆ ಎಂದು 1927ರಲ್ಲಿ ಪ್ರಕಟಿಸಿದರು. 1929ರಲ್ಲಿ ಜೀವವಿಜ್ಞಾನಿ ನ್ಯೂಟನ್ ಹಾರ್ವೆ ಮತ್ತು ಲೂಮಿಸ್ ಸೇರಿ ಬ್ಯಾಕ್ಟೀರಿಯಗಳ ಮೇಲಿನ ಪ್ರಯೋಗದ ವರದಿ ಕೊಟ್ಟರು. ಅವರು ಆರಿಸಿಕೊಂಡದ್ದು ಸಮುದ್ರದಲ್ಲಿರುವ, ತಾವೇ ಬೆಳಕು ಸೂಸುವ ಬ್ಯಾಕ್ಟೀರಿಯಗಳನ್ನು. ಅವು ಜೀವಂತವಾಗಿದ್ದರೆ ದ್ರವ ಮಿನುಗುತ್ತದೆ. ಸತ್ತರೆ ಬೆಳಕು ಆರುತ್ತದೆ. ಧ್ವನಿ ಹಾಯಿಸಿದಾಗ ಬೆಳಕು ಕುಂದಿತು. ಹೀಗೆ ಧ್ವನಿಯಿಂದ ಬ್ಯಾಕ್ಟೀರಿಯ ಸಾಯುತ್ತದೆ ಎಂಬುದು ಕತ್ತಲೆ ಕೋಣೆಯಲ್ಲಿ ಕಣ್ಣಿಗೇ ಕಂಡಿತು.

ಕೊಂದದ್ದು ಧ್ವನಿಯೇ, ಗುಳ್ಳೆಯೇ? ಧ್ವನಿ ಎಂದರೆ ಒತ್ತಡದ ಏರಿಳಿತ. ಸೆಕೆಂಡಿಗೆ ಸಾವಿರಾರು ಬಾರಿ ನೀರು ಹಿಗ್ಗುತ್ತದೆ, ಕುಗ್ಗುತ್ತದೆ. ಹಿಗ್ಗಿದಾಗ ಗುಳ್ಳೆ ಹುಟ್ಟಿ ಬೆಳೆಯುತ್ತದೆ, ಕುಗ್ಗಿದಾಗ ಕುಸಿಯುತ್ತದೆ. ಅಂದರೆ ಪಂಪಿನಲ್ಲಿ ಬೇಡವಾಗಿ ನಡೆಯುವುದನ್ನೇ ಇಲ್ಲಿ ಬೇಕೆಂದು ನಡೆಸುತ್ತೇವೆ. ಹೊರಗಿನಿಂದ ಹೆಚ್ಚು ಒತ್ತಡ ಹೇರಿ ಗುಳ್ಳೆ ಏಳದಂತೆ ಮಾಡಿದರೆ ಕೋಶಗಳು ಒಡೆಯುವುದೂ ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಮುಖ್ಯ ಆರೋಪಿ ಗುಳ್ಳೆಯೇ.

ಬೆಂಗಳೂರಿನ ಕೊಡುಗೆ

ಈ ಚರಿತ್ರೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಸಿ. ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1935 ಮತ್ತು 1936ರಲ್ಲಿ ಎನ್. ಎಸ್. ನಾಗೇಂದ್ರನಾಥರೊಂದಿಗೆ ಐದು ಲೇಖನಗಳನ್ನು ಬರೆದರು. ಶ್ರವಣಾತೀತ ಧ್ವನಿ ಹಾಯುತ್ತಿರುವ ದ್ರವದ ಮೂಲಕ ಬೆಳಕು ಹೋದರೆ ಅದು ಹಲವು ಕಿರಣಗಳಾಗಿ ಕವಲೊಡೆಯುತ್ತದೆ; ಅದು ಏಕೆ, ಹೇಗೆ ಎಂಬುದಕ್ಕೆ ಅವರು ಕೊಟ್ಟ ವಿವರಣೆ ಇಂದಿಗೂ ರಾಮನ್–ನಾಥ್ ಸಿದ್ಧಾಂತವೆಂದೇ ಪ್ರಸಿದ್ಧ. ಅದು ಬ್ಯಾಕ್ಟೀರಿಯ ಕೊಲ್ಲುವ ಕೆಲಸವಲ್ಲ. ಆದರೆ ಕಿವಿಗೆ ಕೇಳದ ಧ್ವನಿಯನ್ನು ಬೆಳಕಿನ ಮೂಲಕ ಕಾಣುವ, ಅಳೆಯುವ ದಾರಿಗೆ ಅದು ಭದ್ರ ತಳಹದಿ ಹಾಕಿತು.

ಅದೇ ಸಂಸ್ಥೆಯ ವಿಜಯ್ ಅರಕೇರಿ ಅವರು ಗುಳ್ಳೆಯ ಹುಟ್ಟನ್ನೇ ಅಧ್ಯಯನ ಮಾಡಿದರು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯಲ್ಲಿ ಅಲನ್ ಅಕೋಸ್ಟರೊಂದಿಗೆ ದುಡಿದು, ನುಣುಪಾದ ವಸ್ತುವಿನ ಮೇಲೆ ಹರಿಯುವ ನೀರು ಎಲ್ಲಿ ಮೇಲ್ಮೈ ಬಿಟ್ಟು ಬೇರ್ಪಡುತ್ತದೋ ಅಲ್ಲಿಗೂ ಗುಳ್ಳೆ ಹುಟ್ಟುವುದಕ್ಕೂ ನಂಟಿದೆ ಎಂದು ತೋರಿಸಿದರು. ಬೆಂಗಳೂರಿನಲ್ಲಿ ಕ್ಯಾವಿಟೇಶನ್ನಿನ ನಿಯಂತ್ರಣ, ಗುಳ್ಳೆ ಕುಸಿದಾಗ ಹೊಮ್ಮುವ ಬೆಳಕು ಇವುಗಳ ಮೇಲೂ ಅವರ ಸಂಶೋಧನೆ ನಡೆಯಿತು. ಹೌದು, ಕುಸಿಯುವ ಗುಳ್ಳೆ ಬೆಳಕನ್ನೂ ಚೆಲ್ಲುತ್ತದೆ! ಒಳಗಿನ ಅನಿಲ ಅಷ್ಟು ಬಿಸಿಯಾಗುತ್ತದೆ. 1991ರಲ್ಲಿ ಅಮೆರಿಕದ ಫ್ಲಿಂಟ್ ಮತ್ತು ಸಸ್ಲಿಕ್ ಆ ಬೆಳಕಿನ ರೋಹಿತವನ್ನು ಪರೀಕ್ಷಿಸಿ, ಉಷ್ಣತೆ ಸುಮಾರು 5000 ಕೆಲ್ವಿನ್ ಎಂದು ಲೆಕ್ಕ ಹಾಕಿದರು. ಸೂರ್ಯನ ಮೇಲ್ಮೈಯ ಉಷ್ಣತೆ 5800 ಕೆಲ್ವಿನ್ ಎಂಬುದನ್ನು ನೆನಪಿಸಿಕೊಳ್ಳಿ. ಆದರೂ ಪಾತ್ರೆಯ ನೀರು ಬೆಚ್ಚಗಾಗುವುದು ಸ್ವಲ್ಪವೇ. ಆ ಬಿಸಿ ಕಣ್ಣಿಗೆ ಕಾಣದ ಜಾಗದಲ್ಲಿ, ಕ್ಷಣದ ಅತಿ ಸಣ್ಣ ಭಾಗದಲ್ಲಿ ಹುಟ್ಟಿ ಅಡಗುತ್ತದೆ.

ಗುಳ್ಳೆ ಹೇಗೆ ಕೊಲ್ಲುತ್ತದೆ?

ಮೂರು ಬಗೆಯಲ್ಲಿ. ಮೊದಲನೆಯದು ಜಲಧಾರೆ. ನೀರಿನ ನಡುವೆ ಇರುವ ಗುಳ್ಳೆ ಎಲ್ಲ ಕಡೆಯಿಂದ ಸಮನಾಗಿ ಕುಸಿಯುತ್ತದೆ. ಗೋಡೆಯ ಪಕ್ಕದ ಗುಳ್ಳೆಗೆ ಗೋಡೆಯ ಕಡೆಯಿಂದ ನೀರು ಸರಾಗವಾಗಿ ಬರಲಾರದು. ಹಾಗಾಗಿ ಎದುರು ಬದಿ ಬೇಗ ಒಳನುಗ್ಗಿ, ಗುಳ್ಳೆಯನ್ನು ತೂರಿಕೊಂಡು, ಸೂಜಿಯಂಥ ಧಾರೆಯಾಗಿ ಗೋಡೆಗೆ ಬಡಿಯುತ್ತದೆ. 1944ರಲ್ಲಿ ಕಾರ್ನ್‌ಫೆಲ್ಡ್ ಮತ್ತು ಸುವೊರೊವ್ ಹೀಗಾಗಬಹುದೆಂದು ಊಹಿಸಿದ್ದರು. 1961ರಲ್ಲಿ ನೋಡೆ ಮತ್ತು ಎಲ್ಲಿಸ್ ಪ್ರಯೋಗದಿಂದ ತೋರಿಸಿದರು. ಧಾರೆಯ ವೇಗ ಸೆಕೆಂಡಿಗೆ ನೂರು ಮೀಟರ್ ಆಸುಪಾಸು ಮುಟ್ಟಬಲ್ಲದು. ಎರಡನೆಯದು, ಗುಳ್ಳೆಯ ಸುತ್ತ ನೀರು ಸುಳಿದಾಡುವಾಗ ಉಂಟಾಗುವ ಸೆಳೆತ ಮತ್ತು ಕುಸಿದಾಗ ಹೊರಡುವ ಆಘಾತ ತರಂಗ. ಇವು ಬ್ಯಾಕ್ಟೀರಿಯದ ಕೋಶಭಿತ್ತಿಯನ್ನು ಹರಿಯುತ್ತವೆ. ಮೂರನೆಯದು ರಾಸಾಯನಿಕ. ಗುಳ್ಳೆಯೊಳಗಿನ ಬಿಸಿಗೆ ನೀರಾವಿ ಒಡೆದು ಹೈಡ್ರಾಕ್ಸಿಲ್ ಎಂಬ ಉಗ್ರ ತುಣುಕುಗಳು ಹುಟ್ಟುತ್ತವೆ. ಅವು ಸೇರಿ ಹೈಡ್ರೊಜನ್ ಪೆರಾಕ್ಸೈಡ್ ಕೂಡ ಆಗುತ್ತದೆ.

ಅಳತೆ ನೋಡಿ. ಬ್ಯಾಕ್ಟೀರಿಯ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. 20 ಕಿಲೋಹರ್ಟ್ಸ್ ಧ್ವನಿಗೆ ಚೆನ್ನಾಗಿ ಮಿಡಿಯುವ ಗುಳ್ಳೆಯ ವ್ಯಾಸ ಸುಮಾರು 300 ಮೈಕ್ರಾನ್. ಇರುವೆಯ ಪಕ್ಕದಲ್ಲಿ ಮನೆ ಕುಸಿದಂತೆ.

ಇನ್ನೊಂದು ಸ್ವಾರಸ್ಯವಿದೆ. ಮಿನುಗುವ ಬ್ಯಾಕ್ಟೀರಿಯಗಳ ಮೇಲೆ ಪ್ರಯೋಗ ಮಾಡಿದ ಅದೇ ಹಾರ್ವೆ, 1944ರಲ್ಲಿ ಸಂಗಡಿಗರೊಂದಿಗೆ ಗುಳ್ಳೆಯ ಹುಟ್ಟಿನ ಬಗ್ಗೆ ಬರೆದರು. ಘನವಸ್ತುವಿನ ಬಿರುಕು, ಗೀರುಗಳಲ್ಲಿ ಸಿಕ್ಕಿಬಿದ್ದ ಅನಿಲವೇ ಗುಳ್ಳೆಗೆ ಬೀಜ ಎಂದರು. ಕೊಳೆ ಅವಿತುಕೊಳ್ಳುವುದೂ ಇಂಥ ಗೀರುಗಳಲ್ಲೇ. ಬ್ರಷ್ಷಿನ ಎಳೆ ಹೋಗಲಾರದ ಕಡೆ ಗುಳ್ಳೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ.

ಹಾವೇರಿಯಲ್ಲಿ ನೋಡಬಹುದಾದದ್ದು

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ಹಾವೇರಿಯಂಥ ಊರಿನಲ್ಲಿ ನೀವು ಕ್ಯಾವಿಟೇಶನ್ನನ್ನು ಎಲ್ಲಿ ಕಾಣಬಹುದು? ದಂತವೈದ್ಯರು ಹಲ್ಲಿನ ಗಾರೆ ತೆಗೆಯಲು ಬಳಸುವ, ನೀರು ಚಿಮ್ಮುತ್ತ ಗುಂಯ್‌ಗುಟ್ಟುವ ಸಲಕರಣೆಯ ತುದಿಯಲ್ಲಿ. ಕನ್ನಡಕದ ಅಂಗಡಿ, ಬಂಗಾರದಂಗಡಿಗಳಲ್ಲಿ ಇಡುವ ಪುಟ್ಟ ಶ್ರವಣಾತೀತ ತೊಟ್ಟಿಯಲ್ಲಿ. ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟಗಳನ್ನು ತೊಳೆಯುವ ದೊಡ್ಡ ತೊಟ್ಟಿಯಲ್ಲಿ. ಇಂಥ ತೊಟ್ಟಿಗಳು ಸಾಮಾನ್ಯವಾಗಿ 25ರಿಂದ 45 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ತೆಳುವಾದ ಅಲ್ಯೂಮಿನಿಯಂ ಹಾಳೆಯೊಂದನ್ನು ತೊಟ್ಟಿಯ ನೀರಿನಲ್ಲಿ ಕೆಲವು ನಿಮಿಷ ಇಳಿಬಿಟ್ಟರೆ ಅದರಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಬೀಳುತ್ತವೆ. ತೊಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ವಿಧಾನವೂ ಇದೇ. ಬೆರಳನ್ನು ಮಾತ್ರ ಎಂದೂ ಇಳಿಬಿಡಬೇಡಿ.

ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ಶ್ರವಣಾತೀತ ತೊಟ್ಟಿ ಸಲಕರಣೆಯನ್ನು ತೊಳೆಯುತ್ತದೆ, ಕ್ರಿಮಿಶುದ್ಧ ಮಾಡುವುದಿಲ್ಲ. ಗುಳ್ಳೆಯ ಹೊಡೆತ ಎಲ್ಲ ಕಡೆಗೂ ಒಂದೇ ಸಮ ಬೀಳದು. ಇ. ಕೋಲಿಯಂಥ ಬ್ಯಾಕ್ಟೀರಿಯಗಳು ಸಾಮಾನ್ಯವಾಗಿ ಬೇಗ ಒಡೆಯುತ್ತವೆ; ದಪ್ಪ ಕೋಶಭಿತ್ತಿಯ ಸ್ಟೆಫೈಲೊಕಾಕಸ್ ಹೆಚ್ಚು ತಡೆಯುತ್ತದೆ; ಬೀಜಕಗಳಂತೂ ಬಹಳ ಗಟ್ಟಿ. ಪ್ರಯೋಗಾಲಯದಲ್ಲಿ ಕೆಲವೊಮ್ಮೆ ಸ್ವಲ್ಪ ಹೊತ್ತು ಧ್ವನಿ ಕೊಟ್ಟ ಮೇಲೆ ಬ್ಯಾಕ್ಟೀರಿಯಗಳ ಎಣಿಕೆ ಏರುವುದೂ ಉಂಟು! ಕಾರಣ ಸರಳ: ಗೊಂಚಲಾಗಿದ್ದವು ಬಿಡಿಬಿಡಿಯಾಗಿ, ಒಂದಿದ್ದ ಕಡೆ ಹತ್ತು ಲೆಕ್ಕಕ್ಕೆ ಸಿಗುತ್ತವೆ. ಆದ್ದರಿಂದ ತೊಟ್ಟಿಯಿಂದ ತೆಗೆದ ಸಲಕರಣೆ ಆಟೋಕ್ಲೇವಿಗೆ ಹೋಗಲೇಬೇಕು. ಅಲ್ಲಿ 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಕನಿಷ್ಠ 15 ನಿಮಿಷ ಇದ್ದರೆ ಬೀಜಕಗಳೂ ಸಾಯುತ್ತವೆ. ಹಾಗಾದರೆ ತೊಟ್ಟಿ ಏಕೆ? ಒಣಗಿದ ರಕ್ತ, ಕೊಳೆ ಅಂಟಿಕೊಂಡಿದ್ದರೆ ಹಬೆ ಒಳಗೆ ಮುಟ್ಟದು. ಕೊಳೆ ಬಿಡಿಸುವುದು ಗುಳ್ಳೆಯ ಕೆಲಸ, ಕೊಲ್ಲುವುದು ಹಬೆಯ ಕೆಲಸ.

ಪೊರೆ ಕಟ್ಟಿದ ಬ್ಯಾಕ್ಟೀರಿಯ

ಮೇಲ್ಮೈಗೆ ಅಂಟಿದ ಬ್ಯಾಕ್ಟೀರಿಯಗಳು ಸುಮ್ಮನೆ ಕೂರುವುದಿಲ್ಲ. ಲೋಳೆಯಂಥ ವಸ್ತುವನ್ನು ಸ್ರವಿಸಿ, ಅದರೊಳಗೆ ಒಟ್ಟಾಗಿ ಬದುಕುತ್ತವೆ. ಇದನ್ನು ಜೈವಿಕ ಪೊರೆ ಅಥವಾ ಬಯೋಫಿಲ್ಮ್ ಎನ್ನುತ್ತಾರೆ. ನೀರಿನ ತೊಟ್ಟಿಯ ಒಳಗೋಡೆಯ ಲೋಳೆ, ಹಲ್ಲಿನ ಮೇಲಿನ ಪಾಚಿ ಇದರ ಪರಿಚಿತ ಉದಾಹರಣೆಗಳು. ಮೂತ್ರನಾಳಕ್ಕೆ ಹಾಕುವ ಕೊಳವೆಯೊಳಗೆ ಪೊರೆ ಕಟ್ಟಿಕೊಂಡರೆ ರೋಗಿಗೆ ಕಷ್ಟ. ಪೊರೆಯೊಳಗಿನ ಬ್ಯಾಕ್ಟೀರಿಯಗಳನ್ನು ಕೊಲ್ಲಲು ಮಾಮೂಲಿಗಿಂತ ಸಾವಿರ ಪಟ್ಟು ಹೆಚ್ಚು ಪ್ರತಿಜೀವಕ ಬೇಕಾಗಬಹುದು. ಅಷ್ಟನ್ನು ದೇಹ ತಾಳದು. ಕಡಿಮೆ ಕೊಟ್ಟರೆ ಔಷಧಕ್ಕೆ ಬಗ್ಗದ ತಳಿಗಳು ಉಳಿದುಕೊಳ್ಳುತ್ತವೆ.

ಇಲ್ಲಿ ಬೆಂಗಳೂರಿನಿಂದ ಮತ್ತೊಂದು ಸುದ್ದಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಘಾತ ತರಂಗಗಳನ್ನು ಅಧ್ಯಯನ ಮಾಡುವ ಜಿ. ಜಗದೀಶ್ ಮತ್ತು ಸೂಕ್ಷ್ಮಜೀವಿ ತಜ್ಞೆ ದೀಪ್ಶಿಖಾ ಚಕ್ರವರ್ತಿ ಅವರ ತಂಡಗಳು 2015ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದವು. ಮೂತ್ರದ ಕೊಳವೆಗಳಲ್ಲಿ ಬೆಳೆಸಿದ ಸಾಲ್ಮೊನೆಲ್ಲ, ಸ್ಯೂಡೊಮೊನಾಸ್, ಸ್ಟೆಫೈಲೊಕಾಕಸ್ ಪೊರೆಗಳನ್ನು ಆಘಾತ ತರಂಗದಿಂದ ಕಿತ್ತುಹಾಕಬಹುದು ಎಂದು ಅವರು ತೋರಿಸಿದರು. ಸೋಂಕು ತಗುಲಿಸಿದ ಇಲಿಗಳಲ್ಲಿ ಸಿಪ್ರೊಫ್ಲಾಕ್ಸಾಸಿನ್ ಒಂದೇ ಫಲಿಸಲಿಲ್ಲ; ಆಘಾತ ತರಂಗ ಕೊಟ್ಟ ಮೇಲೆ ಅದೇ ಔಷಧ ಫಲಿಸಿತು. ಆಘಾತ ತರಂಗವೂ ಗುಳ್ಳೆಯೂ ಒಂದೇ ಅಲ್ಲ, ಆದರೆ ಹತ್ತಿರದ ನೆಂಟರು. ಇದು ಪ್ರಯೋಗಾಲಯದ ಫಲಿತಾಂಶ ಎಂಬುದನ್ನು ಮರೆಯಬಾರದು. ಆದರೂ ಪಾಠ ಸ್ಪಷ್ಟ: ಪೊರೆ ಒಡೆದರೆ ಹಳೆಯ ಔಷಧಕ್ಕೇ ಮತ್ತೆ ದಾರಿ ಸಿಗಬಹುದು.

ಪಂಪಿಗೇ ಮರಳಿದ ವಿದ್ಯೆ

ಶ್ರವಣಾತೀತ ಧ್ವನಿ ದುಬಾರಿ. ಲೀಟರುಗಟ್ಟಲೆ ನೀರಿಗೆ ಅದನ್ನು ಕೊಡುವುದು ಕಷ್ಟ. ಮುಂಬಯಿಯಲ್ಲಿ ಅನಿರುದ್ಧ ಪಂಡಿತ್ ಮತ್ತು ಕೆ. ಕೆ. ಜ್ಯೋತಿ ಬೇರೆ ದಾರಿ ಹಿಡಿದರು. ಪಂಪಿನಿಂದ ನೀರನ್ನು ಸಣ್ಣ ರಂಧ್ರದ ಮೂಲಕ ಹಾಯಿಸಿದರೆ ರಂಧ್ರದಲ್ಲಿ ವೇಗ ಏರಿ ಒತ್ತಡ ಇಳಿಯುತ್ತದೆ, ಗುಳ್ಳೆ ಹುಟ್ಟುತ್ತದೆ. ಮುಂದೆ ಒತ್ತಡ ಏರಿದಾಗ ಕುಸಿಯುತ್ತದೆ. 2001ರಲ್ಲಿ ಅವರು ಕೊಳವೆಬಾವಿ ನೀರಿನ ಮೇಲಿನ ಪ್ರಯೋಗ ಪ್ರಕಟಿಸಿದರು. ಹೆಚ್ಚು ನೀರಿಗೆ ಈ ವಿಧಾನವೇ ಮಿತವ್ಯಯಿ ಎಂದು ಕಂಡಿತು. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಟಿಮ್ ಲೈಟನ್ ಅವರ ತಂಡ 2010ರ ದಶಕದಲ್ಲಿ ತಣ್ಣೀರಿನ ಸಣ್ಣ ಧಾರೆಯೊಳಗೆ ಗುಳ್ಳೆ ಮತ್ತು ಶ್ರವಣಾತೀತ ಧ್ವನಿ ಎರಡನ್ನೂ ಸೇರಿಸಿ, ಮೇಲ್ಮೈಗಳ ಪೊರೆಯನ್ನು ತೊಳೆಯುವ ಉಪಾಯ ಮಾಡಿತು. ಮುಂದೆ ಪಾಲಕ್ ಸೊಪ್ಪಿನ ಮೇಲೂ ಅದನ್ನು ಪರೀಕ್ಷಿಸಿದರು.

ಬ್ಯಾಡಗಿಯ ರಾಶಿಯ ಮುಂದೆ

ಹಾಗಿದ್ದರೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಗುಳ್ಳೆ ನೆರವಾದೀತೆ? ಕಾಯಿ ಕಣದಲ್ಲಿ, ನೆಲದ ಮೇಲೆ ಒಣಗುತ್ತದೆ. ಮಣ್ಣು, ಧೂಳು, ಹಕ್ಕಿಯ ಹಿಕ್ಕೆ ಸೋಕುತ್ತವೆ. ಸುಕ್ಕುಸುಕ್ಕಾದ ಸಿಪ್ಪೆಯಲ್ಲಿ ಬ್ಯಾಕ್ಟೀರಿಯ ಅವಿತುಕೊಳ್ಳಲು ಜಾಗ ಬೇಕಾದಷ್ಟು. ಸುಕ್ಕಿನೊಳಗೆ ನುಗ್ಗಬಲ್ಲ ಗುಳ್ಳೆಗೆ ಇದು ತಕ್ಕ ಕೆಲಸ ಎನಿಸುತ್ತದೆ.

ಆದರೆ ಇಲ್ಲಿ ಗುಳ್ಳೆ ಸೋಲುತ್ತದೆ. ದ್ರವವಿಲ್ಲದೆ ಕ್ಯಾವಿಟೇಶನ್ ಇಲ್ಲ. ಒಣಗಿದ ಮೆಣಸಿನಕಾಯಿಯನ್ನು ನೀರಿಗೆ ಹಾಕಿದರೆ ಮತ್ತೆ ಒಣಗಿಸಬೇಕು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. ಆ ವಿಷ ಜೀವಿಯಲ್ಲ, ರಾಸಾಯನಿಕ. ಬೂಷ್ಟನ್ನು ಕೊಂದರೂ ವಿಷ ಉಳಿಯುತ್ತದೆ. ಒಣ ಸಾಂಬಾರ ಪದಾರ್ಥಗಳಿಗೆ ಹಬೆ ಇಲ್ಲವೇ ಗಾಮಾ ಕಿರಣ ಬಳಸುವುದು ಇದಕ್ಕಾಗಿಯೇ. 2000ದಲ್ಲಿ ನವಿ ಮುಂಬಯಿಯ ವಾಶಿಯಲ್ಲಿ ಅಂಥ ವಿಕಿರಣ ಘಟಕ ಶುರುವಾಯಿತು. ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಕಣಕ್ಕೆ ತಾಡಪಾಲು ಅಥವಾ ಸಿಮೆಂಟು ಹಾಸು, ಸರಿಯಾದ ಒಣಗಿಸುವಿಕೆ, ಮತ್ತು ತೂಕಕ್ಕೆಂದೋ ಕಾಯಿ ಮುರಿಯಬಾರದೆಂದೋ ನೀರು ಚಿಮುಕಿಸದಿರುವುದು. ಯಂತ್ರ ಬಂದರೂ ಈ ಕೆಲಸ ತಪ್ಪದು.

'ಗುಳ್ಳೆ ಯಂತ್ರ ಎಲ್ಲ ಕ್ರಿಮಿಗಳನ್ನೂ ಕೊಲ್ಲುತ್ತದೆ' ಎಂದು ಯಾರಾದರೂ ತರಕಾರಿ ತೊಳೆಯುವ ಪೆಟ್ಟಿಗೆ ಮಾರಲು ಬಂದರೆ ಮೂರು ಪ್ರಶ್ನೆ ಕೇಳಿ. ಇದು ಕೊಲ್ಲುತ್ತದೆಯೋ, ಬರೀ ಬಿಡಿಸುತ್ತದೆಯೋ? ಯಾವ ಬ್ಯಾಕ್ಟೀರಿಯವನ್ನು, ಎಷ್ಟು ನಿಮಿಷದಲ್ಲಿ? ಬಿಡಿಸಿಕೊಂಡು ನೀರಿಗೆ ಬಂದ ಬ್ಯಾಕ್ಟೀರಿಯದ ಗತಿ ಏನು? ಕೊನೆಯದು ಬಹಳ ಮುಖ್ಯ. ಅದೇ ನೀರಿನಲ್ಲಿ ಮುಂದಿನ ಸೊಪ್ಪು ಅದ್ದಿದರೆ ಒಂದರ ಸೋಂಕು ಇನ್ನೊಂದಕ್ಕೆ ಹಂಚಿದಂತಾಗುತ್ತದೆ.

ತುಂಗಭದ್ರೆಯ ದಂಡೆಯ ರೈತರಿಗೂ ಒಂದು ಮಾತು. ಪಂಪಿನಲ್ಲಿ ಹರಳಿನ ಸದ್ದು ಬಂದರೆ ಇಂಪೆಲ್ಲರ್ ಬದಲಿಸುವ ಮುನ್ನ ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಿ, ಹೀರುಕೊಳವೆಯ ಅಗಲ ಹೆಚ್ಚಿಸಿ, ಫುಟ್‌ವಾಲ್ವಿನ ಜಾಲರಿಗೆ ಕಟ್ಟಿದ ಕಸ ತೆಗೆಯಿರಿ. ಅಲ್ಲಿ ಬೇಡವಾದ ಗುಳ್ಳೆ ನಿಲ್ಲುತ್ತದೆ. ಬೇಕಾದ ಗುಳ್ಳೆ ಆಸ್ಪತ್ರೆಯ ತೊಟ್ಟಿಯಲ್ಲಿ ತನ್ನ ಕೆಲಸ ಮಾಡಲಿ.